ಗುರುರಾಜ್ ಮೇಷ್ಟ್ರು ಕೊಟ್ಟ ಲಿಂಕು

ನನ್ನ ವಿಸಿಟಿಂಗ್ ಕಾರ್ಡಿನ ಮೇಲೆ 'ಹೆಡ್, ಡಿಜಿಟಲ್ ಮಾರ್ಕೆಟಿಂಗ್' ಅಂತ ಅಚ್ಚಾಗಿದೆ. ಆ ವಿಭಾಗದಲ್ಲಿ ನಾನೊಬ್ಬನೇ ಇರುವುದರಿಂದ ಹೆಡ್ಡೂ ನಾನೇ, ಬಾಲವೂ ನಾನೇ. ನಮ್ಮದು ಪೀಣ್ಯ ಎರಡನೇ ಹಂತದಲ್ಲಿ ಪಂಪ್ ಸೀಲ್ ತಯಾರಿಸುವ ಸಣ್ಣ ಕಾರ್ಖಾನೆ. ಪಂಪಿನೊಳಗೆ ತಿರುಗುವ ದಂಡದ ಸುತ್ತ ನೀರು ಸೋರದಂತೆ ತಡೆಯುವ, ಅಂಗೈಯಲ್ಲಿ ಹಿಡಿಯುವಷ್ಟು ಸಾಮಾನು ಅದು. ಇಷ್ಟು ವಿವರ ನನಗೆ ತಿಳಿದದ್ದು ಕೆಲಸಕ್ಕೆ ಸೇರಿ ಎರಡು ವರ್ಷ ಕಳೆದ ಮೇಲೆ. ಅಲ್ಲಿಯವರೆಗೆ ಮೇಲಿನ ಮಹಡಿಯ ಏಸಿ ರೂಮಿನಲ್ಲಿ ಕೂತು, ನೋಡದೇ ಇರುವ ವಸ್ತುವನ್ನು 'ವಿಶ್ವದರ್ಜೆಯದು' ಎಂದು ಬರೆಯುತ್ತಿದ್ದೆ.

ಒಂದು ಸೋಮವಾರ ನಮ್ಮ ಮಾಲೀಕರಾದ ಸಿದ್ದಲಿಂಗಯ್ಯನವರು ತಮ್ಮ ಫೋನಿನಲ್ಲಿ 'ಪಂಪ್ ಸೀಲ್' ಎಂದು ಹುಡುಕಿದರು. ಮೊದಲ ಪುಟದಲ್ಲಿ ನಾವಿರಲಿಲ್ಲ. ಬೆರಳಾಡಿಸುತ್ತಾ ಹೋದರು, ಏಳನೇ ಪುಟದಲ್ಲಿ ಸಿಕ್ಕೆವು. ನಮಗಿಂತ ಮೇಲೆ, ಮೀಸೆ ಬಿಟ್ಟುಕೊಂಡು ಮಂಜಿನ ಮೇಲೆ ಮಲಗಿದ ಸೀಲ್ ಎಂಬ ಪ್ರಾಣಿಯ ಬಗ್ಗೆ ಮಕ್ಕಳಿಗಾಗಿ ಮಾಡಿದ ಸೈಟೊಂದಿತ್ತು.

"ಅಂಬರೀಶ್, ಈ ಪ್ರಾಣಿಗಿಂತ ನಾವು ಕೆಳಗಿದ್ದೀವಲ್ಲಪ್ಪ," ಅಂದರು. ಬೈಯಲಿಲ್ಲ. ಅವರು ಬೈಯದಿದ್ದಾಗಲೇ ನನಗೆ ಹೆಚ್ಚು ಭಯ.

"ಸಾರ್, ಬೇರೆ ಸೈಟಿನೋರು ನಮಗೆ ಲಿಂಕ್ ಕೊಡ್ಬೇಕು," ಅಂತ ವಿವರಿಸಿದೆ. "ಅವರ ಪುಟದಲ್ಲಿ ನಮ್ಮ ಹೆಸರು ಒತ್ತಿದ್ರೆ ನಮ್ಮ ಪುಟ ತೆರ್ಕೋಬೇಕು. ಹಾಗೆ ಬೇರೆಯವರು ನಮ್ಮ ಕಡೆ ಕೈ ತೋರಿಸಿದಷ್ಟೂ ಗೂಗಲ್ ನಮ್ಮನ್ನ ಮೇಲೆ ತರುತ್ತೆ."

"ಹೆಣ್ಣು ಕೊಡೋ ಮುಂಚೆ ನಾಲ್ಕು ಜನರನ್ನ ವಿಚಾರಿಸ್ತಾರಲ್ಲ, ಹಾಗೆ."

"ಹಾಗೇ ಸಾರ್."

"ಆ ನಾಲ್ಕು ಜನ ಯಾರು ಅನ್ನೋದು ಮುಖ್ಯ ಅಲ್ವೇನಪ್ಪ?"

ಈ ಮಾತನ್ನು ಕಿವಿಗೆ ಹಾಕಿಕೊಂಡಿದ್ದರೆ ಮುಂದಿನ ಎರಡು ತಿಂಗಳು ಉಳಿಯುತ್ತಿತ್ತು. ನಾನು ತಲೆಯಾಡಿಸಿ ಸೀಟಿಗೆ ಬಂದು, ದುಡ್ಡು ಕೊಟ್ಟು ಎರಡು ಸಾವಿರ ಲಿಂಕುಗಳ ಒಂದು ಪ್ಯಾಕೇಜ್ ತರಿಸಿಕೊಂಡೆ.

ಹತ್ತು ದಿನದಲ್ಲಿ ಪಟ್ಟಿ ಬಂತು. ವಿಗ್ ಮಾರುವ ಸೈಟು, ಯಾವುದೋ ದೇಶದ ಮೀನಿನ ತೊಟ್ಟಿಯ ಸೈಟು, ಬರೀ ಅಂಕಿಗಳೇ ಹೆಸರಾಗಿರುವ ಸೈಟು. ಹಲ್ಲಿನ ಡಾಕ್ಟರೊಬ್ಬರ ಪುಟದಲ್ಲಿ 'ಹಲ್ಲು ಕೀಳಿಸಿದ ಮೇಲೆ ಏನು ತಿನ್ನಬೇಕು' ಎಂಬ ಬರಹದ ನಡುವೆ, ಗಂಜಿಗೂ ಮೊಸರನ್ನಕ್ಕೂ ಮಧ್ಯದಲ್ಲಿ ನಮ್ಮ ಪಂಪ್ ಸೀಲು. ಆದರೂ ಎರಡು ವಾರದಲ್ಲಿ ನಾವು ನಾಲ್ಕನೇ ಪುಟಕ್ಕೆ ಏರಿದೆವು. ನಾನು ಇಡೀ ಆಫೀಸಿಗೆ ಮೈಸೂರು ಪಾಕ್ ಹಂಚಿದೆ. ಮೂರನೇ ವಾರ ನಾವು ಎಲ್ಲೂ ಇರಲಿಲ್ಲ. ಕಂಪನಿಯ ಪೂರ್ತಿ ಹೆಸರು ಕೊಟ್ಟು ಹುಡುಕಿದರೂ ಸಿಗುತ್ತಿರಲಿಲ್ಲ. ಕಳ್ಳ ಸಾಕ್ಷಿಗಳನ್ನು ಕರೆತಂದವನನ್ನು ಕೋರ್ಟಿನಿಂದಲೇ ಹೊರಗೆ ಹಾಕಿದ ಹಾಗೆ.

"ಪ್ರಾಣಿ ಇದೆಯಾ?" ಅಂತ ಕೇಳಿದರು ಸಿದ್ದಲಿಂಗಯ್ಯನವರು.

"ಇದೆ ಸಾರ್."

ಆ ಲಿಂಕುಗಳು ಬೇಡವೆಂದು ಗೂಗಲ್‌ಗೆ ಒಂದೊಂದಾಗಿ ಬರೆದು ತಿಳಿಸುವುದರಲ್ಲಿ ಒಂದು ತಿಂಗಳು ಹೋಯಿತು. ಆಮೇಲೆ ಬುದ್ಧಿ ಬಂದವನಂತೆ, ಪಂಪುಗಳ ಬಗ್ಗೆ ನಿಜವಾಗಿ ಬರೆಯುವ ನೂರ ನಲವತ್ತು ಸೈಟುಗಳನ್ನು ಹುಡುಕಿ, ಎಲ್ಲರಿಗೂ ಒಂದೇ ಪತ್ರ ಕಳಿಸಿದೆ: 'ನಿಮ್ಮ ಲೇಖನ ಓದಿ ಬಹಳ ಕಲಿತೆ. ನಮ್ಮ ಸೈಟಿಗೂ ಒಂದು ಲಿಂಕ್ ಕೊಟ್ಟರೆ ಉಪಕಾರವಾಗುತ್ತದೆ.'

ಬಂದದ್ದು ಒಂದೇ ಉತ್ತರ. ಬರೆದವರು ಗುರುರಾಜ್ ಎಂಬ ನಿವೃತ್ತ ಐಟಿಐ ಮೇಷ್ಟ್ರು. ಹದಿನೈದು ವರ್ಷದಿಂದ ಪಂಪ್ ರಿಪೇರಿಯ ಬಗ್ಗೆ ಒಂದು ಸೈಟು ನಡೆಸುತ್ತಿದ್ದರು. ಬಿಳಿ ಹಾಳೆಯಂಥ ಪುಟ, ಕಪ್ಪು ಅಕ್ಷರ, ಬೇರೇನೂ ಇಲ್ಲ. ಆದರೆ ಹತ್ತಾರು ಕಾಲೇಜುಗಳ ಸೈಟಿನಿಂದ ಅದಕ್ಕೆ ಲಿಂಕಿತ್ತು. ಅವರ ಉತ್ತರ ಹೀಗಿತ್ತು: 'ನನ್ನ ಲೇಖನದಿಂದ ಬಹಳ ಕಲಿತೆ ಎಂದಿದ್ದೀರಿ. ಸಂತೋಷ. ಏನು ಕಲಿತಿರಿ? ನಾನು ಟಿ. ದಾಸರಹಳ್ಳಿಯಲ್ಲೇ ಇರುವುದು. ಭಾನುವಾರ ಹನ್ನೊಂದಕ್ಕೆ ಬಿಡುವಾಗಿರುತ್ತೇನೆ.'

ಭಾನುವಾರ ಹೊರಟೆ. ಲೇಖನಗಳನ್ನು ಮೆಟ್ರೋದಲ್ಲಿ ಓದಿಕೊಳ್ಳೋಣ ಅಂದುಕೊಂಡಿದ್ದೆ. ಎರಡೇ ಸ್ಟೇಷನ್, ಎರಡೇ ಪ್ಯಾರಾ ಆಯಿತು.

ಮೇಷ್ಟ್ರ ಮನೆಯ ಜಗಲಿಯಲ್ಲಿ ಒಂದು ಪಂಪನ್ನು ಬಿಚ್ಚಿ ಪೇಪರಿನ ಮೇಲೆ ಹರಡಿದ್ದರು. ನನ್ನ ಕಾರ್ಡು ನೋಡಿ, ಕನ್ನಡಕ ಸರಿಮಾಡಿಕೊಂಡು, "ಇದರಲ್ಲಿ ಸೀಲ್ ಯಾವುದು ತೋರಿಸಿ," ಅಂದರು.

ಎಲ್ಲಕ್ಕಿಂತ ಹೊಳೆಯುತ್ತಿದ್ದುದನ್ನು ತೋರಿಸಿದೆ.

"ಅದು ಬೇರಿಂಗು."

"ಹ್ಞಾಂ ಸಾರ್."

"ನಿಮ್ಮ ಕಂಪನಿ ಮಾಡೋದು ಏನು?"

"ಸೀಲ್ ಸಾರ್."

ಅವರು ನಗಲಿಲ್ಲ. ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟರು. ನಕ್ಕಿದ್ದರೇ ವಾಸಿಯಿತ್ತು.

"ನೋಡಿ, ನನ್ನ ಪುಟಕ್ಕೆ ಬರೋರು ಓದೋ ಮಕ್ಕಳು, ಮೆಕ್ಯಾನಿಕ್ಕುಗಳು," ಅಂದರು. "ಅವರನ್ನ ನಿಮ್ಮಲ್ಲಿಗೆ ಕಳಿಸಿದ್ರೆ ಅಲ್ಲಿ ಏನೋ ಒಂದು ಸಿಗ್ಬೇಕು. ನಿಮ್ಮ ಸೈಟಲ್ಲಿ ಏನಿದೆ?"

ನೆನಪು ಮಾಡಿಕೊಂಡೆ. 'ಗ್ರಾಹಕರ ತೃಪ್ತಿಯೇ ನಮ್ಮ ಗುರಿ' ಎಂಬ ಸಾಲಿತ್ತು. ಇಬ್ಬರು ವಿದೇಶಿಯರು ಕೈಕುಲುಕುವ ಫೋಟೋ ಇತ್ತು. ಅವರಿಬ್ಬರೂ ಪೀಣ್ಯದ ಕಡೆ ತಲೆ ಹಾಕಿಯೂ ಮಲಗಿದವರಲ್ಲ.

"ಸೀಲ್ ಯಾಕೆ ಕೆಡುತ್ತೆ ಅಂತ ಫೋಟೋ ಸಮೇತ ಬರೀರಿ, ಲಿಂಕ್ ಕೊಡ್ತೀನಿ," ಅಂದರು ಮೇಷ್ಟ್ರು. "ಯಾವ ಕಂಪನಿಯೋರೂ ಅದನ್ನ ಬರೆಯಲ್ಲ. ಕೆಡೋದೇ ಇಲ್ಲ ಅಂತ ಬರೀತಾರೆ."

ಮರುದಿನ ನಾನು ಮೊದಲ ಸಲ ಕೆಳಗಿನ ಶೆಡ್ಡಿಗೆ ಇಳಿದೆ. ಸೀಲ್ ಕೆಡುವುದರ ಬಗ್ಗೆ ಯಾರನ್ನು ಕೇಳಬೇಕು ಅಂದಾಗ ಲೇತಿನ ಮುಂದೆ ನಿಂತಿದ್ದವರೆಲ್ಲ ಒಂದೇ ಮೂಲೆ ತೋರಿಸಿದರು. ಅಲ್ಲಿ ಇನ್ಸ್‌ಪೆಕ್ಷನ್ ಟೇಬಲ್ಲಿನ ಹಿಂದೆ ನೀಲಾಂಬಿಕಾ ಕೂತಿದ್ದರು. ಯಲಬುರ್ಗಾ ಕಡೆಯವರು, ಎಂಟು ವರ್ಷದಿಂದ ಇಲ್ಲಿದ್ದಾರೆ, ರಾಜಗೋಪಾಲನಗರದಲ್ಲಿ ತಂಗಿಯ ಜೊತೆ ಬಾಡಿಗೆ ರೂಮು. ಗಿರಾಕಿಗಳು ವಾಪಸು ಕಳಿಸಿದ ಮಾಲನ್ನು ತಪಾಸಣೆ ಮಾಡುವುದು ಅವರ ಕೆಲಸ.

ವಿಷಯ ಹೇಳಿದೆ. ಅವರು ಟೇಬಲ್ಲಿನ ಕೆಳಗಿಂದ ಒಂದು ಹಳೆಯ ಪೇಂಟ್ ಬಕೆಟ್ ಎಳೆದರು. ಅದರ ತುಂಬ ಕೆಟ್ಟುಹೋದ ಸೀಲುಗಳು. ಒಂದೊಂದಕ್ಕೂ ದಾರದಲ್ಲಿ ಚೀಟಿ ಕಟ್ಟಿತ್ತು: ಎಲ್ಲಿಂದ ಬಂತು, ಎಷ್ಟು ತಿಂಗಳು ಬಾಳಿತು, ಯಾಕೆ ಹೋಯಿತು.

"ಇದು ನೀರಿಲ್ದ ಓಡಿಸಿದ್ದ್ರಿ. ಮುಖದ ಮ್ಯಾಲ ಬಿರುಕು ನೋಡ್ರಿ, ಕಾಲಿನ ಹಿಮ್ಮಡಿ ಒಡದಂಗ. ಇದು ಉಸುಕು ತಿಂದದ್ದು. ಇದನ್ನ ಹಾಕುವಾಗ ಸುತ್ತಿಗಿಲೇ ಬಡದಾರ್ರಿ."

"ಇದನ್ನೆಲ್ಲ ಯಾಕೆ ಇಟ್ಕೊಂಡಿದೀರಾ?"

"ಒಗಿ ಅಂತ ಯಾರೂ ಹೇಳಿಲ್ರಿ."

ಬಕೆಟ್ಟಿನ ತಳದಲ್ಲಿ ಬೇರೆಯಾಗಿ ಕಟ್ಟಿದ ಹನ್ನೊಂದು ಸೀಲುಗಳ ಗಂಟಿತ್ತು. ಅವುಗಳ ರಬ್ಬರು ಕಲ್ಲಿನಂತಾಗಿತ್ತು. "ಇವು ಗಿರಾಕಿ ತಪ್ಪಲ್ರಿ, ನಮ್ದು," ಅಂದರು ನೀಲಾಂಬಿಕಾ. "ಬಿಸಿನೀರಿನ ಪಂಪಿಗೆ ಈ ರಬ್ಬರ್ ತಡಿಯಂಗಿಲ್ಲ. ಎಣ್ಣಿಗಾದ್ರ ನಡೀತೈತಿ. ಸೂಪರ್‌ವೈಸರ್ ಸಾಹೇಬ್ರಿಗೆ ಎರಡು ಸಲ ಹೇಳೇನ್ರಿ. ನೀ ಚೆಕ್ ಮಾಡು, ಡಿಸೈನ್ ಮಾಡಬ್ಯಾಡ ಅಂದ್ರು."

ಮೂರು ವಾರ ಊಟದ ಬಿಡುವಿನಲ್ಲಿ ಅವರು ಹೇಳಿದರು, ನಾನು ಬರೆದೆ, ಫೋನಿನಲ್ಲಿ ಫೋಟೋ ಹಿಡಿದೆ. ಬರೆದದ್ದನ್ನು ಓದಿ ಹೇಳಬೇಕೆಂದು ಅವರು ಹಟ ಹಿಡಿದರು. 'ನಮ್ಮ ನುರಿತ ತಂಡದ ಅವಿರತ ಸಂಶೋಧನೆಯ ಫಲವಾಗಿ' ಅಂತ ನಾನು ಶುರು ಮಾಡಿದಾಗ, ರೊಟ್ಟಿ ಮುರಿಯುತ್ತಾ, "ಇದು ನಾ ಹೇಳಿದ್ದಲ್ರಿ," ಅಂದರು. ಹೊಡೆದು ಹಾಕಿದೆ. ಹೀಗೆ ಹೊಡೆದು ಹೊಡೆದು, ಕೊನೆಗೆ ಉಳಿದದ್ದು ಬಹುತೇಕ ಅವರ ಮಾತೇ. ಕೆಡುವುದಕ್ಕೆ ಹತ್ತು ಕಾರಣ, ಹತ್ತು ಫೋಟೋ. ಹತ್ತನೆಯದು ನಮ್ಮ ಬಿಸಿನೀರಿನ ಸೀಲು.

ಆ ಹತ್ತನೆಯದನ್ನು ಧೈರ್ಯ ಮಾಡಿ ಪ್ರಕಟಿಸಿದೆ ಎಂದು ಹೇಳಿಕೊಳ್ಳಲು ನನಗೂ ಆಸೆ. ನಿಜ ಏನೆಂದರೆ, ಮೇಷ್ಟ್ರು ಒಮ್ಮೆ ನೋಡಲಿ ಅಂತ ಶುಕ್ರವಾರ ಪುಟವನ್ನು ಸೈಟಿಗೆ ಹಾಕಿದೆ. ಸಂಜೆ ಹೋಗುವ ಮುಂಚೆ ಹತ್ತನೆಯದನ್ನು ತೆಗೆಯಬೇಕು ಅಂದುಕೊಂಡಿದ್ದೆ. ಆಫೀಸಿನ ಕ್ಯಾಬ್ ಹೊರಟಿತು ಅಂತ ಯಾರೋ ಕೂಗಿದರು, ಓಡಿದೆ, ಮರೆತೆ.

ಶನಿವಾರ ಮೇಷ್ಟ್ರು ಲಿಂಕ್ ಕೊಟ್ಟರು. ಅದರ ಪಕ್ಕದಲ್ಲಿ ಒಂದು ಸಾಲು: 'ತಮ್ಮದೇ ಮಾಲಿನ ದೋಷವನ್ನೂ ಬರೆದಿದ್ದಾರೆ, ಆದ್ದರಿಂದ ಉಳಿದದ್ದನ್ನೂ ನಂಬಬಹುದು.' ಮಂಗಳವಾರದ ಹೊತ್ತಿಗೆ ಎರಡು ಪಾಲಿಟೆಕ್ನಿಕ್‌ಗಳೂ ಪಂಪ್ ಮೆಕ್ಯಾನಿಕ್‌ಗಳ ಒಂದು ದೊಡ್ಡ ಆನ್‌ಲೈನ್ ವೇದಿಕೆಯೂ ಲಿಂಕ್ ಕೊಟ್ಟಿದ್ದವು. ಯಾರನ್ನೂ ನಾನು ಕೇಳಿರಲಿಲ್ಲ. ಖುಷಿಯಿಂದ ಸಿದ್ದಲಿಂಗಯ್ಯನವರಿಗೆ ಹೇಳಲು ಎದ್ದೆ. ಅವರೇ ಕರೆದರು.

ವರ್ತೂರಿನ ಒಂದು ಅಪಾರ್ಟ್‌ಮೆಂಟಿನವರು ತಮ್ಮ ಬಿಸಿನೀರಿನ ಪಂಪುಗಳಿಗೆ ನಮ್ಮಿಂದ ನಲವತ್ತು ಸೀಲು ತರಿಸಿಕೊಂಡಿದ್ದರು. ಅವರ ಮೆಕ್ಯಾನಿಕ್ ನಮ್ಮ ಪುಟ ಓದಿದ್ದ. ಫೋನ್ ಮಾಡಿ, ಸೋರುವುದು ಯಾಕೆ ಅಂತ ಈಗ ಗೊತ್ತಾಯ್ತು ಅಂದಿದ್ದ.

ಮಾಲೀಕರ ಮುಂದೆ ಇಂಟರ್‌ಕಾಮಿನ ಸ್ಪೀಕರ್ ಆನ್ ಆಗಿತ್ತು, ಕೆಳಗಿನ ಇನ್ಸ್‌ಪೆಕ್ಷನ್ ಟೇಬಲ್ಲಿಗೆ ಕರೆ ಮಾಡಿದ್ದರು, ನೀಲಾಂಬಿಕಾ ಲೈನಿನಲ್ಲಿದ್ದರು. "ನಮ್ಮ ಮಾಲು ಕೆಡುತ್ತೆ ಅಂತ ನಾವೇ ಡಂಗುರ ಹೊಡೆಸಿದ್ದೀವಿ. ಇದನ್ನ ಯಾರು ಬರೆದಿದ್ದು?" ಅಂತ ನನ್ನನ್ನು ಕೇಳಿದರು.

ಡಿಜಿಟಲ್ ಮಾರ್ಕೆಟಿಂಗಿನ ಹೆಡ್ ಆದ ನಾನು ಒಂದು ಕ್ಷಣವೂ ತಡಮಾಡಲಿಲ್ಲ. "ನೀಲಾಂಬಿಕಾ ಹೇಳಿದ್ದು ಸಾರ್. ನಾನು ಬರೀ ಟೈಪ್ ಮಾಡಿದೆ."

ಸ್ಪೀಕರಿನಲ್ಲಿ ರಿಸೀವರ್ ಇಟ್ಟ ಸದ್ದಾಯಿತು. ಸ್ವಲ್ಪ ಹೊತ್ತಿಗೆ ನೀಲಾಂಬಿಕಾ ಬಕೆಟ್ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಹನ್ನೊಂದು ಸೀಲುಗಳನ್ನು ಗಾಜಿನ ಟೇಬಲ್ಲಿನ ಮೇಲೆ ಸಾಲಾಗಿ ಇಟ್ಟು, ಪಕ್ಕದಲ್ಲಿ ಒಂದು ಹೊಸದನ್ನಿಟ್ಟರು.

"ಒತ್ತಿ ನೋಡ್ರಿ ಸರ."

ಸಿದ್ದಲಿಂಗಯ್ಯನವರು ಮೂವತ್ತು ವರ್ಷದ ಹಿಂದೆ ಫಿಟ್ಟರ್ ಆಗಿ ಶುರು ಮಾಡಿದವರು. ಹೊಸದನ್ನು ಹೆಬ್ಬೆರಳ ಉಗುರಿನಿಂದ ಒತ್ತಿದರು, ರಬ್ಬರು ತಗ್ಗಿ ಮೇಲೆ ಬಂತು. ಹಳೆಯದನ್ನು ಒತ್ತಿದರು. ತಗ್ಗಲಿಲ್ಲ, ಚೂರಾಗಿ ಗಾಜಿನ ಮೇಲೆ ಬಿತ್ತು. ಹನ್ನೊಂದನ್ನೂ ಒತ್ತಿದರು, ಹನ್ನೊಂದು ಚೀಟಿಯನ್ನೂ ಓದಿದರು.

"ಎಷ್ಟು ದಿನದಿಂದ ಗೊತ್ತು ನಿಮಗೆ?"

"ವರ್ಷಾ ಒಂದೂವರಿ ಆತ್ರಿ."

"ನನಗೆ ಯಾಕೆ ಹೇಳಲಿಲ್ಲ?"

"ಮ್ಯಾಲ ಬಂದದ್ದ ಇವತ್ತು ಮೊದಲ್ರಿ."

ಸೂಪರ್‌ವೈಸರನ್ನು ಕರೆಸಿದರು. ಬಿಸಿನೀರಿನ ಸೀಲಿಗೆ ಬೇರೆ ರಬ್ಬರು ಹಾಕುವುದೆಂದೂ ವರ್ತೂರಿನ ನಲವತ್ತನ್ನೂ ಬದಲಿಸಿ ಕೊಡುವುದೆಂದೂ ತೀರ್ಮಾನವಾಯಿತು. ನಾನು ಬಾಗಿಲ ಹತ್ತಿರ ನಿಂತು, "ಪುಟ ತೆಗೆದುಬಿಡ್ಲಾ ಸಾರ್?" ಅಂತ ಕೇಳಿದೆ.

"ಈಗ ತೆಗೆದ್ರೆ ಬಚ್ಚಿಟ್ಟ ಹಾಗೆ ಕಾಣುತ್ತೆ. ಇಂಥ ದಿನ ಸರಿ ಮಾಡಿದ್ದೀವಿ ಅಂತ ಕೆಳಗೆ ಬರಿ. ಕಂಡುಹಿಡಿದೋರು ಯಾರು ಅಂತ ಹೆಸರೂ ಹಾಕು," ಅಂದರು.

ಮೆಟ್ಟಿಲಿನಲ್ಲಿ ನೀಲಾಂಬಿಕಾ ಅವರ ಕೈಯಿಂದ ಬಕೆಟ್ ಇಸಿದುಕೊಂಡೆ. "ಕ್ಷಮಿಸಿ. ನಿಮ್ಮ ಹೆಸರು ಹೇಳಿಬಿಟ್ಟೆ," ಅಂದೆ.

"ಹೆಸರು ಹೇಳಿದ್ದು ಚಲೋನ ಆತ್ರಿ," ಅಂದರು. "ಆದ್ರ ನೀವು ಹೇಳಿದ ದನಿ ಬ್ಯಾರೆ ಇತ್ತು. ನಾ ಸ್ಪೀಕರ್‌ನ್ಯಾಗ ಕೇಳಿದೆ."

ಬಕೆಟ್ ಭಾರವಿತ್ತು, ಅದೊಂದೇ ಅನುಕೂಲ. ಶೆಡ್ಡಿನ ಮೂಲೆಯವರೆಗೆ ಹೊತ್ತುಕೊಂಡು ಹೋಗಿ ಇಟ್ಟು ಬಂದೆ. ಒಂದು ವಾರ ಅವರು ನನ್ನ ಜೊತೆ ಬೇಕಾದಷ್ಟೇ ಮಾತಾಡಿದರು. ಆ ವಾರ ನಾನು ಆ ಪುಟದ ಮೇಲ್ಗಡೆಯೇ, ನನ್ನ ಹೆಸರಿದ್ದ ಜಾಗದಲ್ಲಿ ಅವರ ಹೆಸರು ಹಾಕಿದೆ. ತೋರಿಸಿದಾಗ, ಊರಿನ ಹೆಸರೂ ಇರಲಿ ಅಂದರು. ಸೇರಿಸಿದೆ.

ನಾಲ್ಕು ತಿಂಗಳಲ್ಲಿ ನಾವು ಮೊದಲ ಪುಟಕ್ಕೆ ಬಂದೆವು, ಮೂರನೇ ಸ್ಥಾನ. 'ಪಂಪ್ ಸೀಲ್' ಎಂದು ಹುಡುಕಿದರೆ ಅಲ್ಲ, 'ಪಂಪ್ ಯಾಕೆ ಸೋರುತ್ತಿದೆ' ಎಂದು ಹುಡುಕಿದರೆ. ಹಾಗಾಗಿ ಫೋನುಗಳು ಬರತೊಡಗಿದವು, ಕೊಳ್ಳುವವರದಲ್ಲ, ಸೋರುತ್ತಿರುವವರದು. ಅವರಲ್ಲಿ ಹತ್ತಕ್ಕೆ ಒಬ್ಬರು ಕೊಂಡರು. ಅಷ್ಟೇ ಸಾಕಾಯಿತು, ಬಿಸಿನೀರಿನ ಸೀಲಿಗೆ ಇನ್ನೊಂದು ಪಾಳಿ ಹಾಕಬೇಕಾಯಿತು. ದಿನಾ ಮಧ್ಯಾಹ್ನ ಎರಡು ಗಂಟೆ ಕಾಲ ಫೋನಿಗೆ ಉತ್ತರ ಹೇಳುವ ಕೆಲಸ ನೀಲಾಂಬಿಕಾ ಅವರದಾಯಿತು, ಇನ್ಸ್‌ಪೆಕ್ಷನ್ನಿನ ಉಸ್ತುವಾರಿಯೂ ಅವರಿಗೇ ಬಂತು.

ಕಳೆದ ತಿಂಗಳು ಗುರುರಾಜ್ ಮೇಷ್ಟ್ರು, ತಾವು ಹಿಂದೆ ಪಾಠ ಮಾಡುತ್ತಿದ್ದ ಐಟಿಐನಲ್ಲಿ ಒಂದು ತರಗತಿ ತೆಗೆದುಕೊಳ್ಳಲು ಕರೆದರು. ಕರೆದದ್ದು ನೀಲಾಂಬಿಕಾ ಅವರನ್ನು. ಸೀಲುಗಳ ಪೆಟ್ಟಿಗೆ ಹೊರಲು ನಾನು ಹೋದೆ. ಮೊದಲ ಐದು ನಿಮಿಷ ಅವರು ಕರಿಹಲಗೆಯ ಕಡೆಗೇ ಮಾತಾಡಿದರು. ಆಮೇಲೆ ಒಂದು ಸೀಲು ಕೈಗೆತ್ತಿಕೊಂಡರು, ದನಿ ಸರಿಹೋಯಿತು. ನಾನು ಬೆಂಚಿನಿಂದ ಬೆಂಚಿಗೆ ಸೀಲುಗಳನ್ನು ದಾಟಿಸುತ್ತಿದ್ದೆ.

ಹಿಂದಿನ ಸಾಲಿನ ಒಬ್ಬ ಹುಡುಗಿ ನನ್ನನ್ನೇ ತಡೆದು ಕೇಳಿದಳು: "ಸಾರ್, ಸೀಲಿಗೆ ಒಂದಕ್ಕೊಂದು ಉಜ್ಜೋ ಎರಡು ಮುಖ ಇರುತ್ತಲ್ಲ, ಒಂದು ಮೆತ್ತಗೆ, ಇನ್ನೊಂದು ಗಟ್ಟಿ ಯಾಕೆ?"

ನಾನು ಮುಂದೆ ನಿಂತಿದ್ದ ನೀಲಾಂಬಿಕಾ ಅವರ ಕಡೆ ನೋಡಿದೆ.

"ಹೇಳ್ರಿ ಸರ," ಅಂದರು ಅವರು. "ನಿಮಗ ಗೊತ್ತೈತಿ."

ಹೇಳಿದೆ. ಎರಡೂ ಗಟ್ಟಿಯಿದ್ದರೆ ಒಂದನ್ನೊಂದು ಗೀರಿ ಬಿಸಿಯಾಗುತ್ತವೆ, ಒಂದು ಮೆತ್ತಗಿದ್ದರೆ ಇನ್ನೊಂದಕ್ಕೆ ಹೊಂದಿಕೊಳ್ಳುತ್ತದೆ, ಅಂತ. ಅರ್ಧ ಸರಿಯಿತ್ತು. ಉಳಿದರ್ಧವನ್ನು ಕಿಟಕಿಯ ಹತ್ತಿರ ಕೂತಿದ್ದ ಮೇಷ್ಟ್ರು ತಿದ್ದಿದರು. ಹುಡುಗಿ ಬರೆದುಕೊಂಡಳು. ಅವಳ ಹತ್ತಿರವೇ ಒಂದು ಹಾಳೆ ಕೇಳಿ ಪಡೆದು ನಾನೂ ಬರೆದುಕೊಂಡೆ.