ಒಂದು ಗಂಡು ಹೂವಿಗಾಗಿ

ಕತ್ತರಿಯ ಅಂಗಡಿಯಲ್ಲಿ ಮಾತಿಗೆ ಬರಗಾಲವೆಂಬುದೇ ಇಲ್ಲ. ಅವನಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇದೆ, ಆದರೆ ಬೀದಿಗೆಲ್ಲ ಅವನು ಕತ್ತರಿ. ಗಿರಾಕಿಯ ತಲೆ ಅವನ ಕೈಗೆ ಸಿಕ್ಕಿತೆಂದರೆ ಕಿವಿಯೂ ಸಿಕ್ಕಿತೆಂದೇ ಲೆಕ್ಕ. ಅಂಥವನು ಆ ಬೆಳಗ್ಗೆ ಫೋನನ್ನು ಕಿವಿಗಿಟ್ಟುಕೊಂಡು ತುಟಿಪಿಟಕ್ ಎನ್ನದೆ ನಿಂತುಬಿಟ್ಟ. ಕುರ್ಚಿಯಲ್ಲಿ ಒಂದು ಕೆನ್ನೆ ಬೋಳಿಸಿಕೊಂಡು, ಇನ್ನೊಂದು ಕೆನ್ನೆಗೆ ನೊರೆ ಹಚ್ಚಿಸಿಕೊಂಡು ಕೂತಿದ್ದ ಲಿಫ್ಟ್ ಮೆಕ್ಯಾನಿಕ್‌ಗೆ ಗಾಬರಿಯಾಯಿತು.

ಫೋನಿನಲ್ಲಿದ್ದವಳು ಅಕ್ಕ. ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿ ಪಾಳಿ ಮುಗಿಸಿ ನೇರ ತೋಟಕ್ಕೆ ಹೋಗಿದ್ದಳು.

"ಕುಂಬಳದ ಹೆಣ್ಣು ಹೂ ಅರಳಿದೆ ಕಣೋ. ಬುಡದಲ್ಲಿ ಗೋಲಿಯಷ್ಟು ಕಾಯಿ. ಆದ್ರೆ ಗಂಡು ಹೂ ಒಂದೂ ಇಲ್ಲ. ನಿನ್ನೆ ಬಳ್ಳಿ ತುಂಬ ಮೊಗ್ಗಿತ್ತು, ಯಾವನೋ ಕಿತ್ಕೊಂಡು ಹೋಗಿದ್ದಾನೆ. ಅವನ ಕೈ ಸೇದಿಹೋಗ."

ಕತ್ತರಿ ತನ್ನ ಕೈ ನೋಡಿಕೊಂಡ. "ಅಕ್ಕ," ಎಂದ, "ಆ ಕೈ ನಂದೇ."

ಆದದ್ದಿಷ್ಟು. ಬಡಾವಣೆಯವರೆಲ್ಲ ಸೇರಿ ಮಾಡುತ್ತಿದ್ದ ತೋಟದಲ್ಲಿ ಅಕ್ಕ ತಮ್ಮನಿಗೆ ಸೇರಿ ಒಂದು ಮಡಿ ಸಿಕ್ಕಿತ್ತು. ಪಾಲು ಇಬ್ಬರದೂ, ದರ್ಬಾರು ಅಕ್ಕನದು. ನೀರು ಹಾಕು ಎಂದರೆ ಹಾಕಬೇಕು, ಮುಟ್ಟಬೇಡ ಎಂದರೆ ಮುಟ್ಟಬಾರದು. ನಿನ್ನೆ ಸಂಜೆ ನೀರು ಹಾಕಲು ಹೋದವನಿಗೆ ಉದ್ದ ತೊಟ್ಟಿನ ಮೊಗ್ಗುಗಳು ಕಂಡವು. ಒಂದರ ಬುಡದಲ್ಲೂ ಕಾಯಿಯ ಸುಳಿವಿಲ್ಲ. ಕೂತು ತಿನ್ನುವ ಈ ದಂಡಪಿಂಡಗಳಿಗೆ ಬಳ್ಳಿಯ ಸಾರವೆಲ್ಲ ಯಾಕೆ ಪೋಲಾಗಬೇಕು ಎಂದುಕೊಂಡು, ಜೇಬಿನಿಂದ ಕತ್ತರಿ ತೆಗೆದು, ಕಿವಿಯ ಪಕ್ಕದ ಕೂದಲು ಸಮಮಾಡುವಷ್ಟು ನೀಟಾಗಿ ಎಲ್ಲವನ್ನೂ ಕತ್ತರಿಸಿದ. ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಖುಷಿಪಟ್ಟ. ನಾಳೆ ಅಕ್ಕ ಭೇಷ್ ಅನ್ನುತ್ತಾಳೆಂದು ಮಹಾರಾಯನಿಗೆ ರಾತ್ರಿ ಸರಿಯಾಗಿ ನಿದ್ದೆ ಕೂಡ ಬಂದಿರಲಿಲ್ಲ.

ಅದು ಎಂಥದೋ ಒಂದು ಕುಂಬಳವಾಗಿದ್ದರೆ ಬೈಗುಳದಲ್ಲಿ ಮುಗಿಯುತ್ತಿತ್ತು. ಅದು ಅಮ್ಮನ ಕುಂಬಳ. ಬೂದು ಸಿಪ್ಪೆ, ಆಳ ಗೆರೆ, ಒಳಗೆ ಕೆಂಡದ ಬಣ್ಣ. ಎಷ್ಟು ಬಾಡಿಗೆ ಮನೆ ಬದಲಿಸಿದರೂ ಅಮ್ಮ ಅಂಗೈಯಗಲ ನೆಲ ಹುಡುಕಿ ಅದನ್ನು ಹಬ್ಬಿಸುತ್ತಿದ್ದಳು. ಕೊನೆಗಾಲದಲ್ಲಿ ಬೀಜದ ಡಬ್ಬಿಯನ್ನು ಅಕ್ಕನ ಕೈಗಿಟ್ಟು, "ಇವನಿಗೆ ಕೊಡ್ಬೇಡ, ಕಳೆದುಹಾಕ್ತಾನೆ" ಎಂದಿದ್ದಳು. ಅವನು ಅಲ್ಲೇ ನಿಂತಿದ್ದ. ವರ್ಷಗಳ ಮೇಲೆ ಈ ಸಲ ಡಬ್ಬಿ ಪೂರ್ತಿ ಬಿತ್ತಿದರೆ ಮೊಳೆತದ್ದು ಒಂದೇ, ಅದೂ ಕಾಲ ಮೀರಿ. ಚಳಿ ಬಾಗಿಲಿಗೆ ಬಂದಿತ್ತು. ಇವತ್ತು ಕಟ್ಟಿದ ಕಾಯಿ ಬಲಿತರೆ ಬಲಿಯಬೇಕು, ಆಮೇಲಿನದು ಎಳೆಯದಾಗೇ ಕೊಳೆಯುತ್ತದೆ. ಅಲ್ಲಿಗೆ ಅಮ್ಮನ ಕುಂಬಳ ಭೂಮಿಯ ಮೇಲಿಲ್ಲ.

ಬಿಸಿಲು ಏರುವಷ್ಟರಲ್ಲಿ ಹೂ ಮುಚ್ಚಿಕೊಳ್ಳುತ್ತದೆ. ಅದರೊಳಗೆ ಗಂಡು ಹೂವಿನ ಪುಡಿ ಮುಟ್ಟದಿದ್ದರೆ ಆ ಗೋಲಿ ಉದುರಿಹೋಗುತ್ತದೆ. ಕತ್ತರಿ ಕೈಲಿದ್ದುದನ್ನು ಅಲ್ಲೇ ಬಿಟ್ಟು ಓಡಿದ.

"ನನ್ನ ಇನ್ನೊಂದು ಕೆನ್ನೆ?" ಎಂದು ಮೆಕ್ಯಾನಿಕ್ ಕೂಗಿದ.

"ಅಲ್ಲಿಗೇ ತಗೊಂಡ್ಬನ್ನಿ ಅಣ್ಣ, ಅಲ್ಲೇ ಮಾಡಿಕೊಡ್ತೀನಿ."

ಅವನೂ ಕೊರಳಿಗೆ ಕಟ್ಟಿದ ಬಿಳಿ ಬಟ್ಟೆ ಹಾರಿಸಿಕೊಂಡು ಹಿಂದೆಯೇ ಓಡಿದ. ತರಕಾರಿ ಕೊಳ್ಳುತ್ತಿದ್ದವರು ದಾರಿ ಬಿಟ್ಟರು.

ಅಕ್ಕ ಬಳ್ಳಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. ಬೈಯಲಿಲ್ಲ. ಅದೇ ಕತ್ತರಿಗೆ ಹೆಚ್ಚು ಹೆದರಿಕೆಯಾದದ್ದು.

"ಪಕ್ಕದ ಮಡಿಯಲ್ಲಿ ಬೇಕಾದಷ್ಟು ಕುಂಬಳದ ಹೂ ಇದೆಯಲ್ಲಮ್ಮ," ಎಂದ ಮೆಕ್ಯಾನಿಕ್, ಏದುಸಿರು ಬಿಡುತ್ತ.

"ಅದು ಬೇರೆ ತಳಿ. ಕಾಯೇನೋ ಕಟ್ಟುತ್ತೆ, ಬೀಜ ಬೆರಕೆಯಾಗುತ್ತೆ. ಮುಂದಿನ ವರ್ಷ ಏನು ಬರುತ್ತೋ ಯಾರಿಗೆ ಗೊತ್ತು." ಅಕ್ಕ ತಮ್ಮನ ಕಡೆ ತಿರುಗಿದಳು. "ಕತ್ತರಿಸಿದ್ದನ್ನ ಎಲ್ಲಿ ಹಾಕ್ದೆ?"

"ಗೊಬ್ಬರದ ಗುಂಡಿಗೆ."

ಅಕ್ಕ ತಟ್ಟನೆ ಎದ್ದಳು. "ಇವತ್ತು ಅರಳಬೇಕಿದ್ದ ಮೊಗ್ಗು ಕಣೋ ಅವು. ತಂಪಿನಲ್ಲಿ ಬಿದ್ದಿದ್ರೆ ಒಂದಾದ್ರೂ ಜೀವ ಹಿಡ್ಕೊಂಡಿರುತ್ತೆ. ನಡಿ."

ಗುಂಡಿಯೆಂದರೆ ಇಡೀ ತೋಟದ ಗುಂಡಿ. ನಿನ್ನೆಯ ಕಳೆ, ಸಿಪ್ಪೆ, ಕೊಳೆತ ಟೊಮೆಟೊ ಎಲ್ಲ ಅದರ ಮೇಲೇ. ಮೂವರೂ ತೋಳೇರಿಸಿ ಇಳಿದರು. ಪಕ್ಕದ ಮಡಿಯ ಅಜ್ಜಿ ಬಂದು ಇದೇನು ಅವತಾರ ಎಂದು ಕೇಳಿ, ಸಂಗತಿ ತಿಳಿದದ್ದೇ ಸೆರಗು ಸಿಕ್ಕಿಸಿ ತಾನೂ ಕೈ ಹಾಕಿದಳು. ಸಿಕ್ಕ ಮೊದಲ ಮೊಗ್ಗು ಗೊಬ್ಬರದ ಕಾವಿಗೆ ಬೆಂದುಹೋಗಿತ್ತು. ಎರಡನೆಯದು ಜಜ್ಜಿಹೋಗಿತ್ತು. ಬಿಸಿಲು ಬೇಲಿ ದಾಟಿ ಬಂತು. ಕತ್ತರಿ ಇನ್ನಷ್ಟು ಆಳಕ್ಕೆ ಕೈ ಹಾಕಿದ. ಅಮ್ಮ ಹೇಳಿದ ಮಾತು ಸುಳ್ಳಾಗಲಿ ಎಂದು ಅವನು ಇಷ್ಟು ವರ್ಷ ಕಾದಿದ್ದ. ಡಬ್ಬಿ ಕೈಗೆ ಕೊಡದಿದ್ದರೂ ಕಳೆದುಹಾಕಿ ತೋರಿಸಿದೆನಲ್ಲ ಎಂದು ಅಳು ಬಂತು.

"ಇದು ನೋಡಪ್ಪ," ಎಂದಳು ಅಜ್ಜಿ. ಕೋಸಿನ ಎಲೆಯ ಅಡಿಯಲ್ಲಿ ಅರೆಬಿರಿದ ಹಳದಿ ಹೂ ತಾಜಾ ಇತ್ತು. ಅವಳೇ ಮರುಕ್ಷಣ ಮುಖ ಸಣ್ಣ ಮಾಡಿದಳು. "ಇದು ನಿಮ್ಮದೋ ನಮ್ಮದೋ? ನಿನ್ನೆ ನಾನೂ ಬಾಡಿದ ಬಳ್ಳಿ ಕಿತ್ತು ಹಾಕಿದ್ದೆ."

ಕತ್ತರಿ ಅದನ್ನು ಕಸಿದುಕೊಂಡು ತೊಟ್ಟಿನ ತುದಿ ನೋಡಿದ. ನಾರು ಎದ್ದಿಲ್ಲ, ಸಿಗಿದಿಲ್ಲ. ಒಂದೇ ಏಟಿಗೆ ಓರೆಯಾಗಿ ಕತ್ತರಿಸಿದ ತೊಟ್ಟು.

"ನಮ್ಮದೇ ಅಕ್ಕ. ನನ್ನ ಕೈಕೆಲಸ ನನಗೆ ಗೊತ್ತಾಗಲ್ವಾ?"

ನಾಲ್ವರೂ ಬಳ್ಳಿಯ ಕಡೆ ದಾಪುಗಾಲು ಹಾಕಿದರು. ಹೆಣ್ಣು ಹೂವಿನ ಎಸಳು ಆಗಲೇ ಮುದುಡತೊಡಗಿತ್ತು. ಅಕ್ಕ ಗಂಡು ಹೂವಿನ ಎಸಳಿಗೆ ಕೈ ಹಾಕಿದವಳು ಅದನ್ನು ತಮ್ಮನ ಕೈಗೇ ಕೊಟ್ಟಳು. "ನೀನೇ ಮಾಡು," ಎಂದಳು. ಅವನು ಎಸಳು ಸುಲಿದು, ನಡುವಿನ ಪುಡಿಯನ್ನು ಹೆಣ್ಣು ಹೂವಿನೊಳಗೆ ಮೆತ್ತಗೆ ಮುಟ್ಟಿಸಿದ, ಎಳೆ ಮಗುವಿನ ತಲೆ ಬೋಳಿಸುವಾಗಿನ ಹಗುರದಲ್ಲಿ. ನೊರೆ ಒಣಗಿ ಕೆನ್ನೆ ಬಿರಿಯುತ್ತಿದ್ದರೂ ಮೆಕ್ಯಾನಿಕ್ ಕೊರಳ ಬಿಳಿ ಬಟ್ಟೆ ಹರಡಿ ಹೂವಿಗೆ ನೆರಳು ಹಿಡಿದಿದ್ದ.

ಆಮೇಲಿನ ದಿನಗಳಲ್ಲಿ ಕತ್ತರಿ ಬೆಳಗಾದರೆ ತೋಟದಲ್ಲಿರುತ್ತಿದ್ದ. ಗೋಲಿ ಹಳದಿಯಾಗಿ ಉದುರಲಿಲ್ಲ. ನಿಂಬೆಯಾಯಿತು, ಮುಷ್ಟಿಯಾಯಿತು, ಗೆರೆ ಮೂಡಿತು. ಅಂಗಡಿಗೆ ಬಂದವರೆಲ್ಲ ಕೂದಲಿನ ಜೊತೆಗೆ ಕುಂಬಳದ ಸಮಾಚಾರವನ್ನೂ ಕೇಳಿಸಿಕೊಂಡೇ ಎದ್ದರು. ಚಳಿ ಬಿಗಿಯುವ ಮೊದಲು ಅದು ಬೂದು ಬಣ್ಣಕ್ಕೆ ತಿರುಗಿತು.

ಅಕ್ಕ ಅದನ್ನು ತನ್ನ ಅಡಿಗೆಮನೆಯಲ್ಲಿ ಹೆಚ್ಚಿದಳು. ಒಳಗೆ ಅದೇ ಕೆಂಡದ ಬಣ್ಣ. ಬೀಜ ತೊಳೆದು ಒಣಗಿಸಿದ ಮೇಲೆ ಅಕ್ಕ ಅವನನ್ನು ಮತ್ತೆ ಕರೆಸಿ, ಅಷ್ಟನ್ನೂ ಅವನ ಬೊಗಸೆಗೆ ಸುರಿದಳು.

"ನನಗಾ?" ಎಂದ ಕತ್ತರಿ. "ಅಮ್ಮ ಹೇಳಿದ್ದು ನೆನಪಿದೆಯಲ್ಲ ಅಕ್ಕ. ನಾನು ಕಳೆದುಹಾಕ್ತೀನಿ."

"ನೀನು ಕಳೆದುಹಾಕ್ತೀಯ ಅಂತ ನಾನು ಸೀರೆ ಅಡಿಯಲ್ಲಿ ಮುಚ್ಚಿಟ್ಟೆ. ಒಂದು ಬೀಜ ಯಾರಿಗೂ ಕೊಡಲಿಲ್ಲ, ಇಷ್ಟು ವರ್ಷ ನಾನೂ ಬಿತ್ತಲಿಲ್ಲ. ಒಂದು ಬಿಟ್ಟು ಡಬ್ಬಿ ಪೂರ್ತಿ ಒಳಗೊಳಗೇ ಸತ್ತುಹೋಗಿತ್ತು ಕಣೋ. ನೀನು ಕತ್ತರಿಸಿದ್ದು ಬರೀ ಹೂ." ಅಕ್ಕ ಅವನ ಬೊಗಸೆಯನ್ನು ಎರಡೂ ಕೈಯಿಂದ ಮುಚ್ಚಿದಳು. "ಆ ಅಜ್ಜಿಗೆ ಕೊಡು. ಲಿಫ್ಟಿನವನಿಗೆ ಕೊಡು. ಕುರ್ಚಿ ಮೇಲೆ ಬಂದು ಕೂತವರಿಗೆಲ್ಲ ಕೊಡು. ನೀನಾದ್ರೆ ಹಂಚ್ತೀಯ."

ಕತ್ತರಿ ಮೂರು ಬೀಜ ಅಕ್ಕನ ಕೈಗೆ ಹಾಕಿ, ಉಳಿದದ್ದನ್ನು ಎದೆಗೆ ಒತ್ತಿಕೊಂಡು ಬೀದಿಗೆ ಇಳಿದ.