ಬೂದಿಗೆ ಕೊಟ್ಟ ಎಚ್ಚರಿಕೆ

ಕಲ್ಲಿನ ಕ್ವಾರಿಯಲ್ಲಿ ಮದ್ದು ಸಿಡಿಯುವ ಮುಂಚೆ ಸೈರನ್ ಕೂಗಿಸುವುದು ಅವನ ಕೆಲಸ. ಆ ಕೆಲಸದಲ್ಲೇ ತಲೆ ನರೆತದ್ದರಿಂದ ಹೆತ್ತವರು ಇಟ್ಟ ಹೆಸರು ಎಲ್ಲೋ ಕಳೆದುಹೋಗಿ, ಊರಿಗೆಲ್ಲ ಅವನು ಕೂಗಪ್ಪನಾಗಿದ್ದ. ಅವನು ಗುಂಡಿ ಒತ್ತಿದರೆ ಕಲ್ಲು ಒಡೆಯುವವರು ಸುತ್ತಿಗೆ ಬಿಟ್ಟು ಓಡುತ್ತಿದ್ದರು, ಟಿಪ್ಪರ್‌ಗಳು ಇದ್ದಲ್ಲೇ ನಿಲ್ಲುತ್ತಿದ್ದವು. ಆಮೇಲೆ ನೆಲ ನಡುಗುತ್ತಿತ್ತು. ಅವನ ಕಾಲದಲ್ಲಿ ಒಬ್ಬನ ಮೈಮೇಲೂ ಕಲ್ಲು ಬಿದ್ದಿರಲಿಲ್ಲ. ಹೇಳಿ ಬಂದದ್ದು ಕೊಲ್ಲುವುದಿಲ್ಲ ಎಂದು ಅವನು ನಂಬಿದ್ದ. ದೇವರ ಮುಂದೆ ಕೈಮುಗಿದಾಗಲೂ ಅವನು ಕೇಳಿಕೊಳ್ಳುತ್ತಿದ್ದದ್ದು ಅದೊಂದನ್ನೇ: ಏನು ಕೊಡುವುದಿದ್ದರೂ ಹೇಳಿ ಕೊಡಪ್ಪಾ ಎಂದು.

ದೇವರು ಹೇಳಿಯೇ ಕೊಟ್ಟ. ಹೆಂಡತಿಗೆ ಬಂದ ಕಾಯಿಲೆ ಎಂಥದ್ದು, ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ದೊಡ್ಡಾಸ್ಪತ್ರೆಯವರು ಮೊದಲೇ ಬಿಡಿಸಿ ಹೇಳಿದ್ದರು. ಆ ದಿನಗಳಲ್ಲಿ ಅವಳ ಮಂಚದ ಕೆಳಗೆ ಮಲಗಿ, ಅವಳು ಕೈ ಇಳಿಬಿಟ್ಟಾಗಲೆಲ್ಲ ನೆಕ್ಕುತ್ತಿದ್ದದ್ದು ಬೂದಿ. ಬೂದು ಬಣ್ಣದ ಹೆಣ್ಣುನಾಯಿ, ಅವಳೇ ಹಾಲೆರೆದು ಸಾಕಿದ್ದು. ಅವಳು ಹೋದ ಮೇಲೆ ಮಂಚ ಖಾಲಿಯಾಯಿತು, ಬೂದಿ ಮಾತ್ರ ಅದರ ಕೆಳಗೇ ಉಳಿಯಿತು. ಹೆಂಡತಿಯ ಕಡೆಯವರು ಅಂತ ಕೂಗಪ್ಪನಿಗೆ ಆ ಮನೆಯಲ್ಲಿ ಉಳಿದದ್ದು ಅದೊಂದೇ.

ದೇವರು ನಾಯಿಗೆ ನಮಗಿಂತ ಚುರುಕಾದ ಕಿವಿ ಕೊಟ್ಟ. ಮುಚ್ಚಿಕೊಳ್ಳಲು ಕೈ ಕೊಡುವುದನ್ನು ಮರೆತ. ಹೆಂಡತಿ ಇದ್ದಷ್ಟು ದಿನ ಕ್ವಾರಿಯಲ್ಲಿ ಮದ್ದು ಸಿಡಿಯುವ ಹೊತ್ತಿಗೆ ತನ್ನೆರಡು ಕೈಗಳನ್ನು ಅದರ ಕಿವಿಗೆ ಎರವಲು ಕೊಡುತ್ತಿದ್ದಳು. ಈಗ ಮನೆಯಲ್ಲಿ ಆ ಹೊತ್ತಿಗೆ ಯಾರೂ ಇರುತ್ತಿರಲಿಲ್ಲ. ಕೂಗಪ್ಪ ಸೈರನ್ ಗೂಡಿನಲ್ಲಿ, ಮಗ ಟಿಪ್ಪರ್ ಮೇಲೆ, ಸೊಸೆ ಕ್ವಾರಿಯ ಗೇಟಿನಲ್ಲಿ ಲಾರಿ ತೂಗುವ ಕಡೆ. ಸೈರನ್ ಕೂಗಿದ ಕೂಡಲೇ ಬೂದಿ ಕಂಡ ಸಂದಿಯಲ್ಲಿ ನುಸುಳಿ ಓಡತೊಡಗಿತು. ಕ್ವಾರಿಯವರಿಗೆ ಅದೊಂದು ತಮಾಷೆಯಾಯಿತು. ಎಲ್ಲರಿಗಿಂತ ಮುಂಚೆ ಓಡುವುದು ಕೂಗಪ್ಪನ ನಾಯಿಯೇ, ಅದಕ್ಕೂ ಒಂದು ಹೆಲ್ಮೆಟ್ ಕೊಡಿಸಿ ಎಂದು ನಗುತ್ತಿದ್ದರು. ಕೂಗಪ್ಪನೂ ನಕ್ಕಿದ್ದ.

ಒಂದು ಮಧ್ಯಾಹ್ನ, ಸೈರನ್ನಿಗೆ ಟಿಪ್ಪರ್‌ಗಳು ಇನ್ನೂ ನಿಲ್ಲುವ ಮುಂಚೆ, ಅದು ಸೀದಾ ಓಡಿ ಬಂದದ್ದು ಮಗನ ಟಿಪ್ಪರಿನ ಮುಂದಕ್ಕೆ. ಬ್ರೇಕು ಕಿರುಚಿತು, ಹಿಂದಿದ್ದ ಜಲ್ಲಿ ಅರ್ಧ ರಸ್ತೆಗೆ ಸುರಿಯಿತು. ಬೂದಿಯ ಬಾಲದ ತುದಿ ಕಿತ್ತುಹೋಯಿತು, ಜೀವ ಉಳಿಯಿತು. ಸಂಜೆ ಮನೆಗೆ ಬಂದ ಮಗ ಚಪ್ಪಲಿಯನ್ನೂ ಬಿಡದೆ ಅಪ್ಪನ ಎದುರು ಬಂದು ನಿಂತ.

"ಅವ್ವ ಸಾಕಿದ ನಾಯೀನ ನನ್ ಕೈಲೇ ಕೊಲ್ಲಿಸ್ಬೇಡ ಅಪ್ಪ. ಸರಿಯಾದ್ರೆ ಇರ್ಲಿ. ಇಲ್ಲಾಂದ್ರೆ ದೂರ ಎಲ್ಲಾದ್ರೂ ಬಿಟ್ಟು ಬರೋಣ."

ಮರುದಿನ ಕೂಗಪ್ಪ ಸೊಸೆಯೊಂದಿಗೆ ಪ್ರಾಣಿಗಳ ಆಸ್ಪತ್ರೆಗೆ ಹೋದ. ಅಲ್ಲಿನ ಡಾಕ್ಟರಮ್ಮ ಬಾಲಕ್ಕೆ ಪಟ್ಟಿ ಕಟ್ಟುತ್ತಲೇ ಎಲ್ಲ ವಿವರವಾಗಿ ಹೇಳಿದಳು. ಬಾಗಿಲಿಗೆ ಭದ್ರವಾದ ಚಿಲಕ ಹಾಕಬೇಕು. ಮಂಚದ ಸುತ್ತ ದಪ್ಪ ಕಂಬಳಿ ಇಳಿಬಿಟ್ಟು ಗುಹೆಯ ಹಾಗೆ ಮಾಡಬೇಕು, ಅದರೊಳಗೆ ಅಡಗಿದರೆ ಎಳೆಯಬಾರದು, ಗದರಬಾರದು. ಮದ್ದಿನ ಸದ್ದನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡು ದಿನಾ ಬಹಳ ಮೆಲ್ಲಗೆ ಕೇಳಿಸಬೇಕು. ಸದ್ದಾದ ಮರುಗಳಿಗೆಯೇ ಅದಕ್ಕೆ ಪ್ರಾಣವಾದದ್ದೊಂದನ್ನು ಬಾಯಿಗೆ ಕೊಡಬೇಕು. ಸದ್ದು ಬಂತೆಂದರೆ ರುಚಿ ಬಂತು ಎಂದು ಅದರ ಮನಸ್ಸು ಕಲಿಯಬೇಕು. ಕೂಗಪ್ಪ ಎಲ್ಲದಕ್ಕೂ ತಲೆಯಾಡಿಸಿದ.

ಸೊಸೆ ಮದ್ದಿನ ಸದ್ದನ್ನು ಮಾವನ ಮೊಬೈಲಿನಲ್ಲಿ ಹಿಡಿದು ತಂದಳು. ಮಾವ ಕೋಳಿಯ ಈಲಿ, ಅಂದರೆ ಲಿವರ್, ತಂದು ತಾನೇ ಬೇಯಿಸಿ, ಸಣ್ಣಗೆ ಹೆಚ್ಚಿದ. ಬೆಳಗ್ಗೆ ಸೊಸೆ ಕೆಲಸಕ್ಕೆ ಹೋದ ಮೇಲೆ, ತಾನು ಹೊರಡುವ ಮುಂಚೆ, ಪಾಠ. ಆದರೆ ಮೊಬೈಲಿನ ಮೇಲೆ ಬೆರಳಿಟ್ಟಾಗ ಒತ್ತಲು ಅವನಿಗೆ ಮನಸ್ಸು ಬರಲಿಲ್ಲ. ಮುನ್ಸೂಚನೆ ಇಲ್ಲದೆ ಮದ್ದು ಹಾರಿಸುವುದೆಂದರೆ ಅವನ ಲೆಕ್ಕದಲ್ಲಿ ಕೊಲೆ. ಪಾಪದ ಪ್ರಾಣಿ, ಸದ್ದು ಬರುತ್ತದೆ ಎಂದು ಮೊದಲು ಅದಕ್ಕೆ ತಿಳಿಯಲಿ, ಬಾಯಿ ಸಿಹಿ ಮಾಡಿಯೇ ತಿಳಿಸೋಣ ಎಂದುಕೊಂಡ. ಈಲಿಯ ತುಂಡನ್ನು ಮೊದಲು ಕೊಟ್ಟ. ಅದು ನುಂಗಿದ ಮೇಲೆ, ತಲೆ ಸವರಿ, "ಈಗ ಬರ್ತದೆ ನೋಡವ್ವಾ" ಎಂದು ಹೇಳಿ, ಸದ್ದು ಮಾಡಿಸಿದ. ದಿನಾ ಹಾಗೆಯೇ. ಅಷ್ಟು ಶ್ರದ್ಧೆಯಿಂದ ಅವನು ದೇವರ ದೀಪವನ್ನೂ ಹಚ್ಚಿರಲಿಲ್ಲ.

ಮೊದಮೊದಲು ಬೂದಿ ಕೈ ನೆಕ್ಕಿ ತಿಂದಿತು. ಆಮೇಲೆ ತುಂಡನ್ನು ಬಾಯಲ್ಲಿ ಹಿಡಿದುಕೊಂಡು ಅಗಿಯದೆ ಕೂತಿತು. ಆಮೇಲೆ ಉಗುಳಿತು. ಕೊನೆಗೆ ಒಲೆಯ ಮೇಲೆ ಈಲಿ ಬೇಯುವ ವಾಸನೆ ಎದ್ದರೆ ಸಾಕು, ಮಂಚದ ಕೆಳಗೆ ಗೋಡೆಗೆ ಅಂಟಿಕೊಂಡು ಕಂಬಳಿಯನ್ನೇ ಅಲುಗಿಸುವಷ್ಟು ನಡುಗತೊಡಗಿತು. ಕೂಗಪ್ಪ ತಟ್ಟೆ ಬದಲಿಸಿದ; ಮೊಟ್ಟೆ ಕೊಟ್ಟ, ಹಾಲು ಕೊಟ್ಟ. ಅವನ ಕೈಯಿಂದ ಏನು ಬಂದರೂ ಅದು ಮುಖ ತಿರುಗಿಸಿತು. ಅವನಿಲ್ಲದ ಹೊತ್ತಿನಲ್ಲಿ ಸೊಸೆ ಇಟ್ಟ ಒಣ ರೊಟ್ಟಿಯ ತುಣುಕನ್ನಷ್ಟೇ ಕದ್ದು ತಿನ್ನುವಂತೆ ತಿಂದು ಜೀವ ಹಿಡಿದಿತ್ತು. ಪಕ್ಕೆಲುಬು ಎದ್ದು ಕಂಡಿತು. ಒಡತಿಯನ್ನು ನೆನೆದು ಸೊರಗುತ್ತಿದೆ ಎಂದು ಕೂಗಪ್ಪ ತನಗೆ ತಾನೇ ಹೇಳಿಕೊಂಡ. ತನಗೂ ಹಾಗೇ ಆಗಿದ್ದರಿಂದ ಆ ಮಾತು ನಂಬಲು ಸುಲಭವಾಗಿತ್ತು.

ಸೊಸೆಗೆ ಸಮಾಧಾನವಾಗಲಿಲ್ಲ. ಮತ್ತೆ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಡಾಕ್ಟರಮ್ಮ ನಾಯಿಯ ಬಾಯಿ, ಹೊಟ್ಟೆ ಎಲ್ಲ ನೋಡಿ ರೋಗವೇನೂ ಕಾಣದೆ, ಮನೆಯಲ್ಲಿ ಪಾಠ ಹೇಗೆ ಮಾಡುತ್ತೀರಿ, ಇಲ್ಲೇ ಮಾಡಿ ತೋರಿಸಿ ಎಂದಳು. ಕೂಗಪ್ಪ ಜೇಬಿನಿಂದ ಪೊಟ್ಟಣ ತೆಗೆದು ಒಂದು ತುಂಡನ್ನು ಚಾಚಿದ. ಅವನ ಮೊಬೈಲ್ ಇನ್ನೂ ಸೊಸೆಯ ಚೀಲದಲ್ಲೇ ಇತ್ತು. ಬೂದಿ ಅವನ ಕೈಯನ್ನು ನೋಡಿತು, ಕಿವಿಗಳನ್ನು ತಲೆಗೆ ಒತ್ತಿಕೊಂಡಿತು, ಮೇಜಿನ ಮೇಲೆಯೇ ಉಚ್ಚೆ ಹೊಯ್ದುಕೊಂಡಿತು.

ಡಾಕ್ಟರಮ್ಮ ಬಟ್ಟೆ ತಂದು ಮೇಜು ಒರೆಸಿದಳು.

"ಯಜಮಾನ್ರೇ, ತುಂಡು ಮೊದ್ಲು ಕೊಡ್ತಿದ್ರಾ?"

"ಹೇಳ್ದೆ ಕೇಳ್ದೆ ಹೆಂಗ್ ಹೆದ್ರಿಸ್ಲಿ ಡಾಕ್ಟ್ರಮ್ಮ? ಮೊದ್ಲೇ ಗೊತ್ತಿದ್ರೆ ಧೈರ್ಯ ತಗೊಳ್ತದೆ ಅಂತ..."

"ಗೊತ್ತಾಗೋದೇ ಅದಕ್ಕೆ ಭಯ. ನಿಮ್ ಸೈರನ್ ಕೇಳಿದೋರು ಓಡ್ಹೋಗಿ ಬಚಾವಾಗ್ತಾರೆ. ಇದು ಎಲ್ಲಿಗ್ ಓಡ್ಬೇಕು ಹೇಳಿ? ನಿಮ್ ಕೈ ಮುಂದೆ ಬಂದ್ರೆ ಮದ್ದು ಹಾರ್ತದೆ ಅಂತ ಕಲ್ತ್ಬಿಟ್ಟಿದೆ."

ಅವಳು ಕಹಿಯಾಗಿ ಹೇಳಲಿಲ್ಲ. ಹೊಸದಾಗಿ ಶುರುಮಾಡಬಹುದು, ಆದರೆ ಬೇರೆ ತಿನಿಸು, ಬೇರೆ ಕೋಣೆ, ಬೇರೆ ಕೈ ಆಗಬೇಕು ಎಂದಳು. ಸೊಸೆ ಮಾಡಲಿ, ಕೆಲಸಕ್ಕೆ ಹೋಗುವ ಹೊತ್ತಿಗೆ ಭಯ ತಗ್ಗಿಸುವ ಮಾತ್ರೆಯನ್ನೂ ಅವಳೇ ಕೊಡಲಿ. ಯಜಮಾನರು ಸದ್ಯಕ್ಕೆ ಅದಕ್ಕೆ ಏನೂ ಕೊಡಬಾರದು, ಅದು ತಿನ್ನುವಾಗ ಎದುರಿಗೂ ಬರಬಾರದು. ಎಷ್ಟು ಕಾಲ ಎಂದು ಕೂಗಪ್ಪ ಕೇಳಲಿಲ್ಲ. ಮೊದಲೇ ತಿಳಿದುಕೊಳ್ಳುವುದರ ಆಸೆ ಅವನಿಗೆ ಹೋಗಿಬಿಟ್ಟಿತ್ತು.

ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಹೆಂಡತಿ ಕಡೆಯ ತಿಂಗಳುಗಳಲ್ಲಿ, ಅವನು ಹಣ್ಣು ಬಿಡಿಸಿಕೊಂಡು ಹೋಗಿ ಹತ್ತಿರ ಕೂತಾಗಲೆಲ್ಲ, ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ನಿದ್ದೆ ಎಂದು ಅವನು ತಿಳಿದಿದ್ದ. ಹಣ್ಣು ಕೊಟ್ಟಾದ ಮೇಲೆ ಅವನು ತಪ್ಪದೆ ಡಾಕ್ಟರು ಏನೆಂದರು, ಮುಂದೆ ಏನೇನಾಗುತ್ತದೆ ಎಂದು ಅವಳಿಗೆ ಹೇಳುತ್ತಿದ್ದ. ಧೈರ್ಯ ತಗೊಳ್ಳಲಿ ಎಂದೇ.

"ಮಾವ, ಒಳ್ಳೇದು ಮಾಡಕ್ಕೆ ಹೋಗಿದ್ದು ನೀವು" ಎಂದಳು ಸೊಸೆ.

"ಅದ್ಕೇ ಕಣಮ್ಮ ಯಾರೂ ನನ್ನ ತಡೀಲಿಲ್ಲ" ಎಂದ.

ಮಗನಿಗೆ ಸೊಸೆಯೇ ಎಲ್ಲ ಹೇಳಿದಳು. ಅವನು ನಾಯಿಯನ್ನು ದೂರ ಬಿಡುವ ಮಾತನ್ನು ಸದ್ಯಕ್ಕೆ ಎತ್ತಲಿಲ್ಲ. ಹಿತ್ತಿಲ ಕಡೆಯ ಸಣ್ಣ ಕೋಣೆಯಲ್ಲಿದ್ದ ಮೂಟೆಗಳನ್ನು ಎತ್ತಿಟ್ಟು, ಹೊಸ ಚಿಲಕ ಬಡಿದುಕೊಟ್ಟ.

ಈಗ ಬೆಳಗ್ಗೆ ಸೊಸೆ ಬೂದಿಯನ್ನು ಕರೆದುಕೊಂಡು ಆ ಕೋಣೆಗೆ ಹೋಗುತ್ತಾಳೆ. ಕೂಗಪ್ಪ ಜಗಲಿಯಲ್ಲಿ ಕೂರುತ್ತಾನೆ. ಗೋಡೆಯಾಚೆ ಸೊಳ್ಳೆಯ ಗುಂಯ್‌ಗಿಂತ ಸಣ್ಣದಾಗಿ ಮದ್ದು ಸಿಡಿಯುತ್ತದೆ, ಆಮೇಲೆ ಮೌನ. ಎಷ್ಟೋ ಬೆಳಗುಗಳು ಆ ಮೌನದಲ್ಲೇ ಮುಗಿದವು. ಇವತ್ತು ಮೌನದ ನಂತರ ಅಗಿಯುವ ಸದ್ದು ಕೇಳಿಸಿತು. ಅವನು ಉಸಿರು ಬಿಗಿಹಿಡಿದು ಕೇಳಿದ. ಎದ್ದು ಹೋಗಿ ನೋಡಬೇಕೆಂದು ಕಾಲು ತುಡಿಯಿತು. ಕಾಲನ್ನು ಮಡಿಚಿ ಕೂತ.

ಬಾಗಿಲು ತೆರೆಯಿತು. ಬೂದಿ ಹೊರಗೆ ಬಂದು, ಜಗಲಿಯಲ್ಲಿ ಅವನನ್ನು ಕಂಡು ನಿಂತಿತು. ಕೂಗಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಅದು ಗೋಡೆಯಂಚಿಗೆ ಮೈ ಸವರಿಕೊಂಡು ಅವನನ್ನು ಬಳಸಿ ಹೋಗಿ, ಅಂಗಳದ ಆಚೆ ತುದಿಯಲ್ಲಿ ಬಿಸಿಲು ಬಿದ್ದ ಕಡೆ, ಅವನ ಮೇಲೊಂದು ಕಣ್ಣಿಟ್ಟೇ ಮಲಗಿತು. ಅಷ್ಟು ಸಾಕು ದೇವರೇ ಎನ್ನಲು ಹೊರಟ. ಸಾಕೆನ್ನಿಸಲಿಲ್ಲ. ದೇವರಿಗೆ ಸುಳ್ಳು ಹೇಳುವುದು ಬೇಡವೆಂದು ಸುಮ್ಮನಾಗಿ, ಕೆಲಸಕ್ಕೆ ಹೊತ್ತಾಗುವವರೆಗೂ ಅಲುಗದೆ ಹಾಗೇ ಕೂತಿದ್ದ.