ಜಯರಾಮಪ್ಪನ ಮೂರಾಟ

ಗಂಡ ರಸ್ತೆಯಲ್ಲಿ ಓಡುತ್ತಿದ್ದಾನೆಂಬ ಸುದ್ದಿಯನ್ನು ಮುನಿರತ್ನಮ್ಮನಿಗೆ ಮೊದಲು ಮುಟ್ಟಿಸಿದವಳು ಸೊಪ್ಪು ಮಾರುವ ಪೆದ್ದಮ್ಮ.

“ಚಡ್ಡಿ ಆಕ್ಕೊಂಡು ಬಂಗಾರಪೇಟೆ ರಸ್ತೇಲಿ ಎದ್ನೋ ಬಿದ್ನೋ ಅಂತ ಓಡ್ತಾವ್ನೆ ಕಣಮ್ಮ. ಯಾರ್ಗೇನಾಯ್ತು?”

ಯಾರಿಗೂ ಏನೂ ಆಗಿರಲಿಲ್ಲ. ಆಗಿದ್ದೆಲ್ಲ ಜಯರಾಮಪ್ಪನ ತಲೆಗೆ. ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿದ್ದ ಅವನು ಬಂಗಾರಪೇಟೆಯಲ್ಲಿ ರೈಲು ಹತ್ತಿ ಊರಿಗಾಂಗೆ ಹೋಗಿ ಬರುತ್ತಿದ್ದ, ನಲವತ್ತಕ್ಕೆ ಹತ್ತಿರವಾದ ಮನುಷ್ಯ. ೧೯೮೬ರ ದೀಪಾವಳಿ ಕಳೆದ ಮೇಲೆ ಊರಿಗಾಂನ ಒಂದು ಕ್ಲಬ್ಬಿನವರು ಹೊಸ ಪಂದ್ಯವೊಂದನ್ನು ಸಾರಿದ್ದರು. ಬೇತಮಂಗಲದ ಕೆರೆಯಲ್ಲಿ ಈಜಬೇಕು, ಎದ್ದು ಸೈಕಲ್ ಹತ್ತಿ ಕೋಲಾರ ಮುಟ್ಟಿ ಬಂಗಾರಪೇಟೆಗೆ ಬರಬೇಕು, ಅಲ್ಲಿಂದ ಊರಿಗಾಂ ಮೈದಾನದವರೆಗೆ ಓಡಬೇಕು. ಎಲ್ಲಾ ಒಂದೇ ದಿನ, ನಡುವೆ ಕೂರುವಂತಿಲ್ಲ.

“ಮೂರಾಟ ಅಂತಾರೆ ಅದನ್ನ” ಎಂದ ಜಯರಾಮಪ್ಪ.

“ಮೂರಾಬಟ್ಟೆ ಅನ್ನು” ಎಂದಳು ಮುನಿರತ್ನಮ್ಮ. “ಈ ವಯಸ್ನಾಗೆ ಯಾಕಯ್ಯಾ ನಿಂಗೆ?”

“ದಿನಾ ಕುಂತ್ಕೊಂಡು ಓಗ್ತೀನಿ, ಕುಂತ್ಕೊಂಡು ಬತ್ತೀನಿ. ಮೈಯಾಗೆ ಏನಾರ ಉಳ್ದೈತಾ ಅಂತ ನೋಡ್ಬೇಕು ಕಣೇ.”

ಅವನ ಮೈಯಲ್ಲಿ ಏನು ಉಳಿದಿತ್ತೋ, ಇವಳ ಮೈಯಂತೂ ಹಣ್ಣಾಯಿತು. ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುತ್ತಿದ್ದ ಸೈಕಲ್ಲು ಈಗ ಅವನ ಅಭ್ಯಾಸಕ್ಕೆ ಮೀಸಲು, ಕ್ಯಾನು ಇವಳ ತಲೆಗೆ. ಅವನಿಗೆ ಹೊತ್ತಿಗೆ ಮುಂಚೆ ಮುದ್ದೆ ಬೇಕು, ಮೇಲೆ ಮೊಟ್ಟೆ ಬೇಕು. ಊಟ ಮುಗಿಸಿ ತೊಡೆ ನೋವೆಂದು ಮಲಗಿದರೆ ಹಸುಗಳಿಗೆ ಹುಲ್ಲು ತರುವವಳೂ ಇವಳೇ.

ಒಂದು ದಿನವಂತೂ ಅವಳ ಅಣ್ಣ ಬಚ್ಚಪ್ಪ ಹೆಂಡತಿಯ ಜೊತೆ ಹೂವಿನ ಹಾರ ಹಿಡಿದುಕೊಂಡೇ ಬಂದುಬಿಟ್ಟ. ಜಯರಾಮಪ್ಪ ಓಡುವುದನ್ನು ಬಸ್ಸಿನಿಂದ ಕಂಡವರು ಯಾರೋ, ಅವನ ತಾಯಿ ಹೋಗಿಬಿಟ್ಟಿರಬೇಕು ಎಂದಿದ್ದರಂತೆ. ತಾಯಿ ಮುತ್ಯಾಲಮ್ಮ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಹಾರ ನೋಡಿ, “ಯಾರಿಗಪ್ಪಾ ಇದು?” ಎಂದಳು. ಬಚ್ಚಪ್ಪ ನಾಲಗೆ ಕಚ್ಚಿಕೊಂಡ. ಮುದುಕಿಯ ಬಾಯಿಂದ ಬಂದ ಬೈಗುಳವನ್ನೆಲ್ಲ ಕೇಳಿಸಿಕೊಂಡು, ಬಂದವರಿಗೆ ಕಾಫಿ ಕಾಸಿಕೊಟ್ಟವಳು ಮತ್ತೆ ಮುನಿರತ್ನಮ್ಮನೇ.

ಇಷ್ಟನ್ನೂ ಸಹಿಸಿಕೊಂಡಾಳು. ಆದರೆ ಚಡ್ಡಿಯ ವಿಷಯ ಅವಳನ್ನು ಕೆಣಕಿತು. ಭಾನುವಾರ ಬಂದರೆ ಈಜಲು ಹೋಗುತ್ತೇನೆಂದು ಬೇತಮಂಗಲಕ್ಕೆ ಹೊರಡುತ್ತಿದ್ದ, ಒದ್ದೆ ತಲೆಯಲ್ಲಿ ಬರುತ್ತಿದ್ದ. ಒಗೆಯಲು ಹಾಕಿದ ಚಡ್ಡಿಯಲ್ಲಿ ಮಾತ್ರ ಕೆರೆಯ ವಾಸನೆಯಿಲ್ಲ, ಪಾಚಿಯ ಒಂದು ಎಳೆಯಿಲ್ಲ. ಮುಂದಿನ ಭಾನುವಾರ ಅವಳೂ ಬಸ್ಸು ಹತ್ತಿದಳು. ಕೆರೆಯ ಏರಿ ಹತ್ತಿ ನೋಡಿದರೆ ಗಂಡ ಪಾದ ನೆನೆಯುವಷ್ಟು ನೀರಿನಲ್ಲಿ ನಿಂತು ಚೊಂಬಿನಿಂದ ತಲೆಗೆ ನೀರು ಸುರಿದುಕೊಳ್ಳುತ್ತಿದ್ದಾನೆ.

“ಇದೇನಾ ನಿನ್ ಈಜು?”

ಜಯರಾಮಪ್ಪನ ಕೈಯಿಂದ ಚೊಂಬು ಜಾರಿತು. “ಬಯ ಆಯ್ತದೆ ಕಣೇ. ನೀರು ಎದೆಗೆ ಬಂದ್ರೆ ಉಸುರು ಕಟ್ತದೆ.”

“ಮತ್ತೆ ಎಸ್ರು ಯಾಕೆ ಕೊಟ್ಟೆ? ಊರ್ಗೆಲ್ಲಾ ಯಾಕೆ ಸಾರ್ದೆ?”

ಅವನು ಬಗ್ಗಿ ಚೊಂಬು ಹುಡುಕತೊಡಗಿದ. ಮರುದಿನ ಬೆಳಿಗ್ಗೆ ಅವಳು ಅಟ್ಟದಿಂದ ಒಣ ಸೋರೆ ಬುರುಡೆ ಇಳಿಸಿ, ಅವನ ಬೆನ್ನಿಗೆ ಹಗ್ಗದಿಂದ ಬಿಗಿದು, ಹೊಲದ ಬಾವಿಗೆ ಎಳೆದುಕೊಂಡು ಹೋದಳು. ಸೀರೆಯನ್ನು ಕಚ್ಚೆ ಕಟ್ಟಿ ಮೆಟ್ಟಿಲಿನಿಂದ ತಾನೇ ಮೊದಲು ಧುಮುಕಿದಳು.

ತವರಿನ ಬಾವಿಯಲ್ಲಿ ಗಂಡುಹುಡುಗರ ಸಮಕ್ಕೆ ಈಜಿದವಳು ಅವಳು. ಸೊಸೆಯಾಗಿ ಬಂದ ಮೇಲೆ ನೀರಿಗಿಳಿದರೆ ಜನ ಏನಂದಾರೆಂದು ಅತ್ತೆ ಅಂದಿದ್ದಳು. ಅಷ್ಟಕ್ಕೇ ಈಜು ನಿಂತಿತ್ತು. ಈಗ ನೀರು ಕಿವಿ ಮುಚ್ಚಿದಾಗ ಒಂದು ಗಳಿಗೆ ಗಂಡ, ಹಸು, ಕ್ಯಾನು ಯಾವುದೂ ನೆನಪಿರಲಿಲ್ಲ. ಬಾವಿಯ ಆ ಗೋಡೆ ಮುಟ್ಟಿ ತಿರುಗಿದಳು. ಇಷ್ಟು ವರ್ಷ ಸುಮ್ಮನೆ ಬಿಟ್ಟೆನಲ್ಲಾ ಎಂದು ಹೊಟ್ಟೆ ಉರಿಯಿತು. ಆ ಉರಿಯನ್ನೂ ಮೆಟ್ಟಿಲ ಮೇಲೆ ನಡುಗುತ್ತಾ ನಿಂತಿದ್ದವನ ಮೇಲೆಯೇ ತೀರಿಸಿಕೊಂಡಳು.

“ಇಳಿ! ಕಾಲು ಬಡಿ! ಎಮ್ಮೆ ಈಜ್ತೈತೆ, ನಿಂಗೇನು ಬಂದಿರೋದು ರೋಗ?”

ಅವನು ನೀರು ಕುಡಿದ, ಅವಳ ಕುತ್ತಿಗೆ ತಬ್ಬಿ ಅವಳಿಗೂ ಕುಡಿಸಿದ. ಸಂಕ್ರಾಂತಿ ಹೊತ್ತಿಗೆ ಬುರುಡೆ ಬಿಚ್ಚಿದಳು. ಅಂದವಾಗಿ ಈಜಿದನೆಂದು ಯಾರೂ ಹೇಳಲಾರರು. ಮುಳುಗಲಿಲ್ಲ, ಅಷ್ಟೇ.

ಪಂದ್ಯದ ದಿನ ಅವಳು ಬುತ್ತಿ ಕಟ್ಟಿಕೊಂಡು ಊರಿಗಾಂ ಮೈದಾನಕ್ಕೆ ಬಂದು ಶಾಮಿಯಾನದಡಿ ಕೂತಳು. ಜಯರಾಮಪ್ಪ ಕೆರೆಯಿಂದ ಎಲ್ಲರಿಗಿಂತ ಕಡೆಗೆ ಎದ್ದನಂತೆ, ಎದ್ದದ್ದಂತೂ ನಿಜ ಎಂದು ಜೀಪಿನಲ್ಲಿ ಬಂದವರು ಹೇಳಿದರು. ಆಮೇಲೆ ಕೋಲಾರದ ಹತ್ತಿರ ಪಂಕ್ಚರ್ ಆಯಿತೆಂದರು. ಆಮೇಲೆ ಏನೂ ಹೇಳಲಿಲ್ಲ. ಗೆದ್ದವರು ಬಂದರು, ಬಹುಮಾನ ಹಿಡಿದು ಫೋಟೋ ತೆಗೆಸಿಕೊಂಡರು, ಹೋದರು. ಬಿಸಿಲು ಇಳಿಯಿತು. ಕ್ಲಬ್ಬಿನ ಉಸ್ತುವಾರಿ ಪೆರುಮಾಳ್ ಓಟ ಮುಗಿಯುವಲ್ಲಿ ಕಟ್ಟಿದ್ದ ಹಗ್ಗ ಬಿಚ್ಚಿಸಿದ, ಶಾಮಿಯಾನದ ಕಂಬಕ್ಕೆ ಕೈ ಹಾಕಿದ.

“ಎದ್ದೇಳಮ್ಮಾ, ಎಲ್ಲಾ ಮುಡಿಞ್ಚಿಪೋಚ್ಚು, ಮುಗ್ದೋಯ್ತು. ಟೈಮ್ ಆಗೋಯ್ತು.”

“ನಮ್ಮನೆಯವ್ರು ಇನ್ನೂ ಬರ್ಬೇಕು.”

“ಎಲ್ಲೋ ಬಸ್ ಅತ್ತಿ ಮನೆಗೆ ಓಗಿರ್ತಾರಮ್ಮಾ.”

ಮುನಿರತ್ನಮ್ಮ ಎದ್ದು ಕಂಬವನ್ನು ಎರಡೂ ಕೈಯಿಂದ ತಬ್ಬಿದಳು. “ಬಸ್ ಅತ್ತೋನಾಗಿದ್ರೆ ಇಷ್ಟು ದಿನ ನನ್ ಪ್ರಾಣ ಯಾಕಯ್ಯಾ ತಿಂತಿದ್ದ? ಅವ್ನು ಬರೋಗಂಟ ಇದನ್ನ ಕೀಳು ನೋಡಾನಾ!”

ಪೆರುಮಾಳ್ ಒಂದಿಷ್ಟು ಗೊಣಗಿ ವಾಚು ನೋಡಿಕೊಂಡು ಕುರ್ಚಿ ಎಳೆದು ಕೂತ. ಕೂಲಿಯವರು ಬೀಡಿ ಹಚ್ಚಿದರು.

ಗಣಿ ಕೆಲಸಗಾರರ ಲೈನ್ ಮನೆಗಳಲ್ಲಿ ದೀಪ ಹತ್ತುವ ಹೊತ್ತಿಗೆ ಗೇಟಿನಲ್ಲಿ ಜಯರಾಮಪ್ಪ ಕಾಣಿಸಿದ. ಒಂದು ಕಾಲು ಎಳೆಯುತ್ತಾ, ಮುಖವೆಲ್ಲ ಧೂಳಾಗಿ, ನಡೆದು ಬರುತ್ತಿದ್ದ. ಅಷ್ಟು ಹೊತ್ತು ಕಂಬ ಕಾದವಳಿಗೆ ಅವನನ್ನು ಕಂಡದ್ದೇ ಸಿಟ್ಟು ನೆತ್ತಿಗೇರಿತು.

“ಸಂತೆಗೆ ಬಂದಂಗೆ ನಡ್ಕೊಂಡು ಬತ್ತೀಯಾ? ಇವ್ರೆಲ್ಲಾ ಕಾಯ್ತಾವ್ರೆ, ಓಡು!”

ಅವನು ಓಡಿದ. ಓಟವೋ ಕುಂಟುವುದೋ ತಿಳಿಯದ ಹಾಗೆ ಓಡಿದ. ಪೆರುಮಾಳ್ ಎದ್ದು, ಸುತ್ತಿಟ್ಟ ಹಗ್ಗವನ್ನು ಮತ್ತೆ ಬಿಡಿಸಿ, ಒಂದು ತುದಿಯನ್ನು ಕೂಲಿಯವನ ಕೈಗೆ ಕೊಟ್ಟು ಇನ್ನೊಂದನ್ನು ತಾನೇ ಹಿಡಿದು ನಿಂತ. ಜಯರಾಮಪ್ಪ ಹಗ್ಗವನ್ನು ಎದೆಯಿಂದ ತಳ್ಳಿಕೊಂಡು ಬಂದು ಜಮಖಾನದ ಮೇಲೆ ಬಿದ್ದ. ಕೂಲಿಯವರು ಬೀಡಿ ಬಾಯಲ್ಲಿಟ್ಟುಕೊಂಡೇ ಚಪ್ಪಾಳೆ ತಟ್ಟಿದರು.

ಅವಳು ಬುತ್ತಿ ಬಿಚ್ಚಿದಳು. ಚಿತ್ರಾನ್ನ ಬಾಯಿಗಿಡುತ್ತಾ ಅವನು ಮೆಲ್ಲಗೆ, “ಮುಂದಿನ್ ವರ್ಸ ಪಂಕ್ಚರ್ ಆಗ್ದಿದ್ರೆ...” ಎಂದು ಶುರು ಮಾಡಿದ.

“ಬಾಯ್ ಮುಚ್ಕೊಂಡು ತಿನ್ನು” ಎಂದಳು ಮುನಿರತ್ನಮ್ಮ. ಅವನ ಬಲಗಾಲನ್ನು ತನ್ನ ತೊಡೆಯ ಮೇಲೆಳೆದುಕೊಂಡು ಮೀನಖಂಡವನ್ನು ಗಟ್ಟಿಯಾಗಿ ಒತ್ತತೊಡಗಿದಳು. ಅವನು ಅಯ್ಯೋ ಎಂದರೂ ಬಿಡಲಿಲ್ಲ.